ಎಲ್ಲವೂ ಕಥನವೇ ಆದರೆ ಸುಳ್ಳನ್ನು ಸುಳ್ಳೆನ್ನುವುದು ಹೇಗೆ? ಆಧುನಿಕೋತ್ತರತೆ, ಮಾಧ್ಯಮ, ಸಮಾಜ

ನೆಲನೋಟ

ಬಹಳ ದಿನದಿಂದ ಮನಸ್ಸನ್ನು ಕೊರೆಯುತ್ತಿರುವ ವಿಷಯ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸುಳ್ಳು ಸುದ್ದಿಯ ಮಾತು ಬಂದಾಗಲೆಲ್ಲ ಬೆರಳು ಕೊನೆಗೆ ಆಧುನಿಕೋತ್ತರ ಚಿಂತಕರ ಕಡೆ ತಿರುಗುತ್ತದೆ. ಸತ್ಯ ಅನ್ನುವುದೇ ಇಲ್ಲ, ಇರುವುದೆಲ್ಲ ಬರೀ ನಿರೂಪಣೆ ಎಂದು ಅವರು ಪಾಠ ಹೇಳಿದರಂತೆ, ಅದರ ಫಲವನ್ನು ನಾವೀಗ ಉಣ್ಣುತ್ತಿದ್ದೇವಂತೆ. 2016ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು 'ಸತ್ಯೋತ್ತರ' (ಸಂಗತಿಗಿಂತ ಭಾವನೆಯೇ ಹೆಚ್ಚು ತೂಗುವ ಸ್ಥಿತಿ) ಎಂಬುದನ್ನು ವರ್ಷದ ಪದವಾಗಿ ಆರಿಸಿದ ಮೇಲಂತೂ ಈ ಆರೋಪ ಎಲ್ಲರ ಬಾಯಲ್ಲೂ ಸಿದ್ಧ ಉತ್ತರವಾಗಿದೆ. ನನಗೆ ಇದು ಅನ್ಯಾಯವೆನಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಜಕ್ಕೂ ಹೊಣೆ ಹೊರಬೇಕಾದವರು ಈ ಗದ್ದಲದಲ್ಲಿ ನುಣುಚಿಕೊಳ್ಳುತ್ತಿದ್ದಾರೆ.

ಈ ಆರೋಪ ಹೊತ್ತವರಲ್ಲಿ ಒಬ್ಬರಾದ ಫ್ರೆಂಚ್ ತತ್ವಜ್ಞಾನಿ ಲಿಯೋತಾರ್ ಹೇಳಿದ್ದೇನು? ಕೆನಡಾದ ಕ್ವಿಬೆಕ್ ಪ್ರಾಂತ್ಯದ ವಿಶ್ವವಿದ್ಯಾಲಯ ಮಂಡಳಿ ಕೇಳಿಕೊಂಡದ್ದಕ್ಕೆ ಅವರು ಒಂದು ವರದಿ ಬರೆದುಕೊಟ್ಟರು. 1979ರಲ್ಲಿ ಅದು ಪುಸ್ತಕವಾಯಿತು. ಕಂಪ್ಯೂಟರ್ ಬಂದ ಸಮಾಜಗಳಲ್ಲಿ ಜ್ಞಾನದ ಗತಿ ಏನು ಎಂಬುದು ವರದಿಯ ವಸ್ತು. ಮಹಾಕಥನಗಳ ಮೇಲಿನ ಅಪನಂಬಿಕೆಯನ್ನು ಅವರು ಆಧುನಿಕೋತ್ತರ ಎಂದು ಕರೆದರು. ವಿಜ್ಞಾನ ಬೆಳೆದ ಹಾಗೆ ಮನುಷ್ಯಕುಲ ತಾನಾಗಿಯೇ ಬಿಡುಗಡೆ ಪಡೆಯುತ್ತದೆ, ಚರಿತ್ರೆಗೆ ಒಂದು ಗುರಿ ಇದೆ, ಆ ಗುರಿ ಗೊತ್ತಿದ್ದವರು ಉಳಿದವರನ್ನು ನಡೆಸಬಹುದು, ಇಂಥ ಕಥೆಗಳು ಮಹಾಕಥನಗಳು. ಔಶ್ವಿಟ್ಜ್, ಹಿರೋಶಿಮಾಗಳನ್ನು ಕಂಡ ಶತಮಾನ ಈ ಕಥೆಗಳನ್ನು ನಂಬದೆ ಹೋದರೆ ಅದರಲ್ಲಿ ಅಚ್ಚರಿ ಇಲ್ಲ. ಆದರೆ ನಿನ್ನೆ ಮಳೆ ಬಂತೋ ಇಲ್ಲವೋ ಎಂಬುದು ಅವರವರ ಅಭಿಪ್ರಾಯಕ್ಕೆ ಬಿಟ್ಟದ್ದು ಎಂದು ಲಿಯೋತಾರ್ ಎಲ್ಲೂ ಹೇಳಿಲ್ಲ. ಅವರಿಗಿದ್ದ ಆತಂಕವೇ ಬೇರೆ. ಜ್ಞಾನ ಸರಕಾಗುತ್ತಿದೆ, 'ಇದು ನಿಜವೇ' ಎಂದು ಕೇಳಬೇಕಾದ ಕಡೆ 'ಇದರಿಂದ ಏನು ಉಪಯೋಗ, ಇದು ಮಾರಾಟವಾಗುತ್ತದೆಯೇ' ಎಂದು ಕೇಳಲಾಗುತ್ತಿದೆ ಎಂದು ಅವರು ಎಚ್ಚರಿಸಿದರು.

ನನ್ನ ಪ್ರಶ್ನೆ ಇಷ್ಟು. ಪ್ರತಿ ಹೇಳಿಕೆಯ ಹಿಂದೆ ಯಾರದೋ ಹಿತಾಸಕ್ತಿ ಇರುತ್ತದೆ ಎನ್ನುವುದು ಒಂದು ಮಾತು. ಎಲ್ಲ ಹೇಳಿಕೆಗಳಿಗೂ ಒಂದೇ ಬೆಲೆ ಎನ್ನುವುದು ಇನ್ನೊಂದು ಮಾತು. ಮೊದಲನೆಯದನ್ನು ಚಿಂತಕರು ಹೇಳಿದರು. ಎರಡನೆಯದು ನಮ್ಮ ನಡುವೆ ಎಲ್ಲಿಂದ ಬಂತು?

ಮಸಿಬಟ್ಟಲು

ಸುದ್ದಿಮನೆಯ ಡೆಸ್ಕ್‌ನಲ್ಲಿ ಬಹಳ ಕಾಲ ಕೂತವನಾಗಿ ಹೇಳುತ್ತೇನೆ: ಎರಡನೆಯದು ಬಂದದ್ದು ತತ್ವಶಾಸ್ತ್ರದ ಪುಸ್ತಕದಿಂದ ಅಲ್ಲ. ಅದು ಬಂದದ್ದು ಸಾರ್ವಜನಿಕ ಸಂಪರ್ಕದ ಕಚೇರಿಗಳಿಂದ, ಮತ್ತು ಅದಕ್ಕೆ ಬಾಗಿಲು ತೆಗೆದವರು ನಾವು.

1954ರ ಜನವರಿ 4ರಂದು ಅಮೆರಿಕದ 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಸಿಗರೇಟ್ ಕಂಪನಿಗಳು ಒಟ್ಟಾಗಿ ಒಂದು ಪೂರ್ಣಪುಟದ ಜಾಹೀರಾತು ಕೊಟ್ಟವು. ಸಿಗರೇಟಿಗೂ ಕ್ಯಾನ್ಸರ್‌ಗೂ ನಂಟಿದೆ ಎಂಬ ಸಂಶೋಧನೆ ಆಗಷ್ಟೇ ಹೊರಬರುತ್ತಿದ್ದ ಕಾಲ. ಜಾಹೀರಾತು ಆ ಸಂಶೋಧನೆ ಸುಳ್ಳು ಎಂದು ಹೇಳಲಿಲ್ಲ. ಇನ್ನೂ ಖಚಿತವಾಗಿಲ್ಲ, ವಿಜ್ಞಾನಿಗಳಲ್ಲೇ ಭಿನ್ನಾಭಿಪ್ರಾಯವಿದೆ, ನಾವೇ ಹಣ ಕೊಟ್ಟು ಇನ್ನಷ್ಟು ಸಂಶೋಧನೆ ಮಾಡಿಸುತ್ತೇವೆ ಎಂದಿತು. ಮುಂದೆ 1969ರಲ್ಲಿ ಬ್ರೌನ್ ಅಂಡ್ ವಿಲಿಯಮ್ಸನ್ ಕಂಪನಿಯ ಒಳಗಿನ ಟಿಪ್ಪಣಿಯೊಂದು ಅನುಮಾನವೇ ನಮ್ಮ ಉತ್ಪನ್ನ ಎಂದು ನೇರವಾಗಿ ಬರೆದುಕೊಂಡಿತು. ಲಿಯೋತಾರ್ ವರದಿ ಬರಲು ಆಗ ಇನ್ನೂ ಹತ್ತು ವರ್ಷ ಬಾಕಿ ಇತ್ತು.

ಈ ಅನುಮಾನ ಓದುಗರನ್ನು ತಲುಪಿದ್ದು ಹೇಗೆ? ವಸ್ತುನಿಷ್ಠತೆಯ ಹೆಸರಿನಲ್ಲಿ. 'ಇಬ್ಬರ ಮಾತನ್ನೂ ಹಾಕಿ' ಎನ್ನುವುದು ನಮ್ಮ ಕಸುಬಿನ ದೊಡ್ಡ ಮೌಲ್ಯ, ಅಪ್ಪಟ ಆಧುನಿಕ ಮೌಲ್ಯ. ಇಬ್ಬರು ಪ್ರಾಮಾಣಿಕರ ನಡುವೆ ಜಗಳ ಇದ್ದಾಗ ಅದು ಸರಿ. ಒಂದು ಕಡೆ ಪುರಾವೆ, ಇನ್ನೊಂದು ಕಡೆ ದುಡ್ಡು ಕೊಟ್ಟು ತಂದ ಅನುಮಾನ ಇದ್ದಾಗ? ಆಗಲೂ ಎರಡಕ್ಕೂ ಅಷ್ಟಷ್ಟೇ ಜಾಗ ಕೊಟ್ಟೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಧೋರಣೆಗೆ ಸಮತೋಲನ ಎಂದು ಹೆಸರಿಟ್ಟೆವು. ಟಿವಿಯ ಪ್ಯಾನೆಲ್ ಚರ್ಚೆಗಳ ರೂಪವೇ ಇದರ ಮೇಲೆ ನಿಂತಿದೆ. ನಾಲ್ಕು ಚೌಕ, ನಾಲ್ಕು ಮುಖ. ವಿಷಯದ ಮೇಲೆ ಜೀವಮಾನ ಕೆಲಸ ಮಾಡಿದವರಿಗೂ, ನಿನ್ನೆ ರಾತ್ರಿ ಅದರ ಹೆಸರು ಕೇಳಿದವರಿಗೂ ಒಂದೇ ಅಳತೆಯ ಚೌಕ.

ಹಾಳೆಹಕ್ಕಿ

ನಾನು ಮಾಧ್ಯಮ ಅಧ್ಯಯನದ ವಿದ್ಯಾರ್ಥಿನಿ. ಲಿಯೋತಾರ್ ಅವರನ್ನು ಬಿಡುಗಡೆ ಮಾಡಿದಿರಿ, ಸರಿ. ಫ್ರೆಂಚ್ ಚಿಂತಕ ಬೋದ್ರಿಯಾ ಅವರ ಕಥೆ ಏನು ಸರ್? ಇರಾಕ್ ಮೇಲೆ ಅಮೆರಿಕ ಮತ್ತು ಮಿತ್ರರು ನಡೆಸಿದ 1991ರ ಕೊಲ್ಲಿ ಯುದ್ಧ ನಡೆಯಲೇ ಇಲ್ಲ ಎಂದು ಬರೆದವರಲ್ಲವೇ? ಜನ ಸತ್ತಿರುವಾಗ ಹೀಗೆ ಹೇಳುವುದು ಕ್ರೌರ್ಯ ಅನಿಸುತ್ತದೆ.

ಸಾಲುಗನ್ನಡಿ

ಹಾಳೆಹಕ್ಕಿ, ಈ ಪ್ರಶ್ನೆ ಪ್ರತಿ ವರ್ಷ ತರಗತಿಯಲ್ಲಿ ಬರುತ್ತದೆ, ಬರಬೇಕಾದ್ದೇ.

1991ರ ಜನವರಿಯಿಂದ ಮಾರ್ಚ್ ನಡುವೆ ಬೋದ್ರಿಯಾ ಬರೆದದ್ದು ಮೂರು ಲೇಖನ. ಯುದ್ಧ ಶುರುವಾಗುವ ಮುಂಚೆ 'ಇದು ನಡೆಯುವುದಿಲ್ಲ' ಎಂದು, ನಡೆಯುತ್ತಿರುವಾಗ 'ಇದು ನಿಜಕ್ಕೂ ನಡೆಯುತ್ತಿದೆಯೇ' ಎಂದು, ಮುಗಿದ ಮೇಲೆ 'ಇದು ನಡೆಯಲಿಲ್ಲ' ಎಂದು. ಬಾಂಬ್ ಬಿದ್ದಿಲ್ಲ, ಯಾರೂ ಸತ್ತಿಲ್ಲ ಎಂಬುದು ಅವರ ವಾದ ಅಲ್ಲ. ಆ ಹತ್ಯೆಗೆ ಯುದ್ಧ ಎಂಬ ಹೆಸರು ಸಲ್ಲುತ್ತದೆಯೇ, ಜಗತ್ತು ಪರದೆಯ ಮೇಲೆ ನೋಡಿದ್ದು ಏನನ್ನು ಎಂಬುದು ಅವರ ಪ್ರಶ್ನೆ. 1980ರಲ್ಲಿ ಹುಟ್ಟಿದ ಸಿಎನ್‌ಎನ್ ಬಾಗ್ದಾದ್‌ನಿಂದ ನೇರಪ್ರಸಾರ ಮಾಡುತ್ತಿತ್ತು. ಹಸಿರು ಬಣ್ಣದ ರಾತ್ರಿಯ ಆಕಾಶ, ಬಾಂಬಿಗೇ ಕಟ್ಟಿದ ಕ್ಯಾಮೆರಾ ಕಟ್ಟಡದ ಹತ್ತಿರ ಹತ್ತಿರ ಹೋಗಿ ಒಮ್ಮೆಗೇ ಕಪ್ಪಾಗುವ ಪರದೆ, ಆಮೇಲೆ ಸೇನಾಧಿಕಾರಿಯ ವಿವರಣೆ. ವರದಿಗಾರರನ್ನು ಸೇನೆ ಗುಂಪು ಮಾಡಿ, ತನ್ನ ಕಾವಲಿನಲ್ಲಿ, ತಾನು ತೋರಿಸಿದ ಕಡೆಗೆ ಮಾತ್ರ ಕರೆದೊಯ್ಯುತ್ತಿತ್ತು. ದೃಶ್ಯಗಳಿಗೆ ಬರ ಇರಲಿಲ್ಲ. ಹೆಣಗಳು ಮಾತ್ರ ಕಾಣಲಿಲ್ಲ.

ಇಷ್ಟನ್ನು ಒಪ್ಪಿಯೂ ಬೋದ್ರಿಯಾ ಜೊತೆ ನನಗೆ ಜಗಳ ಇದೆ. ಅವರು ಪರದೆಯ ಮುಂದೆ ಕೂತವರ ಅನುಭವವನ್ನು ಇಡೀ ಜಗತ್ತಿನ ಅನುಭವ ಎಂಬಂತೆ ಬರೆಯುತ್ತಾರೆ. ಬಾಂಬ್ ಬಿದ್ದ ಮನೆಯವರಿಗೆ ಅದು ಪ್ರತಿಬಿಂಬಗಳ ಆಟ ಆಗಿರಲಿಲ್ಲ. ವಾಸ್ತವ ಕಳೆದುಹೋಗಿದೆ ಎನ್ನಲು ವಾಸ್ತವದಿಂದ ಸಾಕಷ್ಟು ದೂರದಲ್ಲಿ ಸುರಕ್ಷಿತವಾಗಿರಬೇಕು.

ಅಂದಹಾಗೆ, ಈ ವಿಷಯದಲ್ಲಿ ಬೋದ್ರಿಯಾ ಅವರಿಗಿಂತ ಮುಂಚೆ ಡೇನಿಯಲ್ ಬೂರ್ಸ್ಟಿನ್ ಎಂಬ ಇತಿಹಾಸಕಾರರನ್ನು ಓದುವುದು ಒಳ್ಳೆಯದು. ಅವರು ಆಧುನಿಕೋತ್ತರರ ಗುಂಪಿನವರೇನಲ್ಲ. ವರದಿಯಾಗಲಿ ಎಂದೇ ಹುಟ್ಟಿಸಿದ ಘಟನೆಗಳನ್ನು ಅವರು 1960ರ ದಶಕದ ಆರಂಭದಲ್ಲೇ ಹುಸಿಘಟನೆ ಎಂದು ಕರೆದರು. ಅವರ ಉದಾಹರಣೆ ಒಂದು ಹೋಟೆಲ್. ವ್ಯಾಪಾರ ಹೆಚ್ಚಬೇಕಾದರೆ ಅಡುಗೆಯವರನ್ನು ಬದಲಿಸು, ಕೋಣೆಗಳಿಗೆ ಬಣ್ಣ ಬಳಿಸು ಎಂದು ಸಲಹೆಗಾರ ಹೇಳುವುದಿಲ್ಲ. ಮೂವತ್ತನೇ ವಾರ್ಷಿಕೋತ್ಸವ ಮಾಡು ಎನ್ನುತ್ತಾನೆ. ಊರಿನ ಗಣ್ಯರ ಸಮಿತಿ ಆಗುತ್ತದೆ, ಸಮಾರಂಭ ಆಗುತ್ತದೆ, ಫೋಟೋ ಬರುತ್ತದೆ. ಪ್ರತಿಷ್ಠಿತ ಹೋಟೆಲ್ ಎಂದು ಪತ್ರಿಕೆ ಬರೆದ ಮೇಲೆ ಅದು ಪ್ರತಿಷ್ಠಿತವೇ ಆಗಿಬಿಡುತ್ತದೆ. ಇವತ್ತು ನಾವು ನೋಡುವ ಸುದ್ದಿಯಲ್ಲಿ ಎಷ್ಟು ಪಾಲು ಇಂಥದ್ದು ಎಂದು ಒಂದು ವಾರ ಪಟ್ಟಿ ಮಾಡಿ ನೋಡಿ.

ಒಳಹಾದಿ

ನನಗೆ ಈ ಚರ್ಚೆ ಒಂದೇ ಕಡೆ ವಾಲುತ್ತಿದೆ ಎನಿಸುತ್ತಿದೆ. ಮಹಾಕಥನಗಳು ಕುಸಿದದ್ದನ್ನು ಎಲ್ಲರೂ ನಷ್ಟದ ಲೆಕ್ಕದಲ್ಲೇ ಬರೆಯುತ್ತಿದ್ದೀರಿ. ಕಥೆಯೊಳಗೆ ಎಂದೂ ಜಾಗ ಸಿಗದವರಿಗೆ ಅದು ಬಿಡುಗಡೆ. 'ಮನುಷ್ಯ' ಎಂದು ಬರೆದಾಗ ಅದು ಯಾವ ಮನುಷ್ಯ, ಯಾವ ಬಣ್ಣ, ಗಂಡೋ ಹೆಣ್ಣೋ ಎಂದು ಕೇಳಲು ಧೈರ್ಯ ಕೊಟ್ಟದ್ದು ಈ ಚಿಂತನೆ. ಹುಚ್ಚು ಯಾವುದು, ಅಪರಾಧ ಯಾವುದು ಎಂದು ತೀರ್ಮಾನಿಸುವ ಜ್ಞಾನಕ್ಕೂ ಅಧಿಕಾರಕ್ಕೂ ಇರುವ ನಂಟನ್ನು ಫ್ರೆಂಚ್ ಚಿಂತಕ ಫುಕೋ ಬಿಡಿಸಿಟ್ಟದ್ದು ಸತ್ಯವನ್ನು ಕೊಲ್ಲುವುದಕ್ಕಲ್ಲ. ಬೀಗ ಹಾಕಿದ ಕೋಣೆಗಳನ್ನು ತೆರೆಯುವುದಕ್ಕೆ.

ವಾಸ್ತುಶಿಲ್ಪದಿಂದ ಒಂದು ಉದಾಹರಣೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಬಡವರಿಗೆಂದು ಪ್ರುಯಿಟ್ ಐಗೋ ಎಂಬ ವಸತಿ ಸಮುಚ್ಚಯ ಕಟ್ಟಿದ್ದರು. 33 ಕಟ್ಟಡ, ಪ್ರತಿಯೊಂದೂ 11 ಅಂತಸ್ತು, ವಿನ್ಯಾಸ ಮಿನೋರು ಯಮಾಸಾಕಿ ಅವರದು. ಬೆಳಕು, ಗಾಳಿ, ಶಿಸ್ತಾದ ಸಾಲು. ಮನೆ ಸರಿಯಾದರೆ ಮನುಷ್ಯನೂ ಸರಿಯಾಗುತ್ತಾನೆ ಎಂಬ ನಂಬಿಕೆ. ಎರಡು ದಶಕ ಕಳೆಯುವ ಹೊತ್ತಿಗೆ ಅದನ್ನು ಸ್ಫೋಟಿಸಿ ಕೆಡವಬೇಕಾಯಿತು. 1972ರ ಜುಲೈ 15ರ ಮಧ್ಯಾಹ್ನ 3.32ಕ್ಕೆ ಆಧುನಿಕ ವಾಸ್ತುಶಿಲ್ಪ ಸತ್ತಿತು ಎಂದು ವಿಮರ್ಶಕ ಚಾರ್ಲ್ಸ್ ಜೆಂಕ್ಸ್ ಬರೆದರು, ಆ ಸಾಲು ಎಲ್ಲೆಡೆ ಪ್ರಸಿದ್ಧವಾಯಿತು.

ನಾನು ಇದನ್ನು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೆಡಹುವ ಕೆಲಸ ಅದೇ ವರ್ಷದ ಮಾರ್ಚ್‌ನಲ್ಲೇ ಶುರುವಾಗಿತ್ತು. ಸೋಲಿಗೆ ವಿನ್ಯಾಸವೊಂದೇ ಕಾರಣವೂ ಆಗಿರಲಿಲ್ಲ. ನಿರ್ವಹಣೆಗೆ ಹಣ ಇರಲಿಲ್ಲ, ನಗರದಿಂದ ಜನ ಖಾಲಿಯಾಗುತ್ತಿದ್ದರು, ಕರಿಯರನ್ನೂ ಬಿಳಿಯರನ್ನೂ ಬೇರೆಬೇರೆ ಇಡುವ ವ್ಯವಸ್ಥೆ ಇತ್ತು. ನಿಮಿಷದ ಲೆಕ್ಕದಲ್ಲಿ ಸಾವಿನ ಹೊತ್ತು ಬರೆದ ಆ ಸಾಲು ಇದನ್ನೆಲ್ಲ ಮರೆಸಿತು. ಮಹಾಕಥನದ ಅಂತ್ಯವನ್ನೂ ಮತ್ತೊಂದು ಮಹಾಕಥನವಾಗಿಯೇ ಹೇಳಿದರು. ಅಲ್ಲಿ ವಾಸವಿದ್ದ ಬಡವರ ಮಾತು ಎರಡರಲ್ಲೂ ಇಲ್ಲ.

ಆದ್ದರಿಂದ 'ಸತ್ಯಕ್ಕೆ ಮರಳೋಣ' ಎನ್ನುವವರನ್ನು ಕೇಳುತ್ತೇನೆ: ಯಾವ ಕಾಲಕ್ಕೆ? ಒಂದೇ ಬಗೆಯ ನಾಲ್ಕು ಗಂಡಸರು ಒಂದು ಮೇಜಿನ ಸುತ್ತ ಕೂತು ಇವತ್ತಿನ ಸುದ್ದಿ ಯಾವುದು ಎಂದು ತೀರ್ಮಾನಿಸುತ್ತಿದ್ದ ಕಾಲಕ್ಕೆ ನಾನಂತೂ ಮರಳಲಾರೆ.

ನೆಲನೋಟ

ಒಳಹಾದಿ ಅವರೇ, ಆ ಮೇಜಿಗೆ ಮರಳಬೇಕು ಎಂದು ನಾನೂ ಹೇಳುವುದಿಲ್ಲ. ಆದರೆ ಯಾರು ಹೇಳುತ್ತಿದ್ದಾರೆ ಎಂದು ಕೇಳುವುದು, ನಡೆದದ್ದು ಏನು ಎಂದು ಕೇಳುವುದಕ್ಕೆ ಬದಲಿಯಾಗಬಾರದು.

ರಾಜಕೀಯ ಚಿಂತಕಿ ಹನ್ನಾ ಅರೆಂಟ್ 1967ರ ಪ್ರಬಂಧದಲ್ಲಿ ಒಂದು ಪ್ರಸಂಗ ಹೇಳುತ್ತಾರೆ. ಮೊದಲ ಮಹಾಯುದ್ಧಕ್ಕೆ ಯಾರು ಹೊಣೆ ಎಂಬುದರ ಬಗ್ಗೆ ಮುಂದಿನ ಇತಿಹಾಸಕಾರರು ಏನನ್ನಬಹುದು ಎಂದು ಫ್ರಾನ್ಸ್‌ನ ಪ್ರಧಾನಿಯಾಗಿದ್ದ ಕ್ಲೆಮೆನ್ಸೋ ಅವರನ್ನು ಯಾರೋ ಕೇಳಿದರಂತೆ. ಅದು ಗೊತ್ತಿಲ್ಲ, ಆದರೆ ಬೆಲ್ಜಿಯಂ ಜರ್ಮನಿಯ ಮೇಲೆ ದಂಡೆತ್ತಿ ಹೋಯಿತು ಎಂದು ಮಾತ್ರ ಅವರು ಹೇಳಲಾರರು ಎಂದರಂತೆ ಕ್ಲೆಮೆನ್ಸೋ. ಹೊಣೆ ಯಾರದು ಎಂಬುದು ವ್ಯಾಖ್ಯಾನ, ಅದರ ಮೇಲೆ ನೂರು ವರ್ಷ ಜಗಳವಾಡಬಹುದು. 1914ರ ಆಗಸ್ಟ್‌ನಲ್ಲಿ ಯಾವ ಸೇನೆ ಯಾವ ಗಡಿ ದಾಟಿತು ಎಂಬುದು ಹಾಗಲ್ಲ. ಈ ಎರಡರ ನಡುವಿನ ಗೆರೆ ಕೆಲವು ಕಡೆ ಮಸುಕಾಗಿದೆ ಎಂಬ ನೆಪದಲ್ಲಿ ಗೆರೆಯನ್ನೇ ಅಳಿಸಿದರೆ ಮೊದಲು ಮುಳುಗುವವರು ಬಲಹೀನರು. ಬಲವುಳ್ಳವರಿಗೆ ಸೈನ್ಯ ಇದೆ, ಹಣ ಇದೆ, ಚಾನೆಲ್ ಇದೆ. ಇಲ್ಲದವರ ಕೈಯಲ್ಲಿ ಇರುವುದು 'ಹೀಗೆ ನಡೆಯಿತು' ಎಂಬ ದಾಖಲೆ ಒಂದೇ.

ಲಿಯೋತಾರ್ ಅವರಿಗೂ ಇದು ತಿಳಿದಿತ್ತು. 1983ರ ಪುಸ್ತಕವನ್ನು ಅವರು ತೆರೆಯುವುದೇ ನಾಜಿ ಅನಿಲಕೋಣೆಗಳನ್ನು ಅಲ್ಲಗಳೆಯುವವರ ತರ್ಕದಿಂದ. ಒಳಗೆ ಹೋಗಿ ಸತ್ತವರೇ ಬಂದು ಸಾಕ್ಷಿ ಹೇಳಲಿ ಎನ್ನುವ ತರ್ಕ ಅದು. ಅನ್ಯಾಯವಾದವನ ಕೈಯಿಂದ ಅದನ್ನು ಸಾಬೀತು ಮಾಡುವ ದಾರಿಯನ್ನೇ ಕಿತ್ತುಕೊಂಡರೆ ಆಗುವ ಎರಡನೆಯ ಅನ್ಯಾಯ ಅವರ ವಸ್ತು. ಇದನ್ನು ಓದಿದ ಮೇಲೂ ಅವರನ್ನು ಸುಳ್ಳುಗಾರರ ಗುರು ಎನ್ನುವುದು ನನ್ನಿಂದಾಗದು.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಪ್ರಮಾಣಿಸಿ ನೋಡು ಎಂದರೇ ಹೊರತು, ನೋಡುವುದನ್ನೇ ಬಿಡು ಎನ್ನಲಿಲ್ಲ.

ಮಸಿಬಟ್ಟಲು

ಇಲ್ಲಿಯವರೆಗೂ ಚಿಂತಕರ ಮಾತೇ ಆಯಿತು. ಫೀಡ್ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳಲ್ಲಿ ಬೆರಳು ಸರಿಸಿದಂತೆ ಒಂದರ ಕೆಳಗೊಂದು ಬರುವ ಪೋಸ್ಟ್‌ಗಳ ಸಾಲು) ಬಗ್ಗೆ ಮಾತಾಡದೆ ಇವತ್ತಿನ ಸಮಾಜದ ಬಗ್ಗೆ ಮಾತಾಡಲಾಗದು.

ಪತ್ರಿಕೆಯ ಪುಟಕ್ಕೆ ಒಂದು ಭೂಗೋಳ ಇತ್ತು. ಮುಖಪುಟ, ಸಂಪಾದಕೀಯ ಪುಟ, ಕ್ರೀಡೆ, ಗೆರೆ ಎಳೆದು ಬೇರ್ಪಡಿಸಿದ ಜಾಹೀರಾತು. ಯಾವುದು ವರದಿ, ಯಾವುದು ಅಭಿಪ್ರಾಯ, ಯಾವುದಕ್ಕೆ ಹಣ ಕೊಟ್ಟಿದ್ದಾರೆ ಎಂಬುದು ಕಣ್ಣಿಗೇ ಗೊತ್ತಾಗುತ್ತಿತ್ತು. ತಪ್ಪಾದರೆ ಮರುದಿನ ಅದೇ ಪತ್ರಿಕೆಯಲ್ಲಿ, ಅದೇ ಓದುಗರಿಗೆ ತಿದ್ದುಪಡಿ. ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು ನಿಜ, ಆದರೂ ಇರುತ್ತಿತ್ತು. ಫೀಡ್‌ನಲ್ಲಿ ಎಲ್ಲಕ್ಕೂ ಒಂದೇ ಅಳತೆ. ಸತ್ತ ಮಗು, ನಗೆ ರೀಲ್, ಸಾಲದ ಜಾಹೀರಾತು, ಯುದ್ಧ, ಗೆಳೆಯನ ಮದುವೆ, ಎಲ್ಲವೂ ಒಂದೇ ಬೆರಳಿನ ಒಂದೇ ಚಲನೆಯಲ್ಲಿ ಸರಿದುಹೋಗುತ್ತವೆ. ಸುಳ್ಳು ವಿಡಿಯೋ ಒಬ್ಬರನ್ನು ತಲುಪುತ್ತದೆ, ಅದರ ತಿದ್ದುಪಡಿ ಬೇರೆ ಯಾರನ್ನೋ.

ಕಾಲದ ಕಥೆಯೂ ಅಷ್ಟೇ. ಫೇಸ್‌ಬುಕ್ 2006ರಲ್ಲಿ ನ್ಯೂಸ್ ಫೀಡ್ ತಂದಿತು, 2009ರಲ್ಲಿ ಲೈಕ್ ಗುಂಡಿ. 2016ರಲ್ಲಿ ಇನ್‌ಸ್ಟಾಗ್ರಾಮ್ ಕೂಡ ಸಮಯದ ಕ್ರಮ ಬಿಟ್ಟು, ನಿಮ್ಮನ್ನು ಯಾವುದು ಹಿಡಿದಿಡುತ್ತದೋ ಅದೇ ಮೇಲೆ ಎಂಬ ಕ್ರಮಕ್ಕೆ ಹೊರಳಿತು. ಮೂರು ವರ್ಷ ಹಳೆಯದೂ ಈ ಬೆಳಗಿನದೂ ಒಂದರ ಕೆಳಗೊಂದು ಬರುತ್ತವೆ. ಆಧುನಿಕೋತ್ತರ ಸಂಸ್ಕೃತಿಯಲ್ಲಿ ಚರಿತ್ರೆಯ ಪ್ರಜ್ಞೆ ಸೋರಿಹೋಗಿ ಕೊನೆಯಿಲ್ಲದ ವರ್ತಮಾನವೊಂದೇ ಉಳಿಯುತ್ತದೆ ಎಂದು ಅಮೆರಿಕದ ವಿಮರ್ಶಕ ಫ್ರೆಡ್ರಿಕ್ ಜೇಮ್ಸನ್ 1984ರಲ್ಲಿ ಬರೆದಾಗ ಅವರ ಮುಂದಿದ್ದದ್ದು ಸಿನಿಮಾ, ಕಟ್ಟಡ, ಚಿತ್ರಕಲೆ. ಬಂಡವಾಳದ ಒಂದು ಹಂತಕ್ಕೆ ತಕ್ಕ ಸಂಸ್ಕೃತಿ ಇದು ಎಂದರು ಅವರು. ಫೀಡ್ ಅದನ್ನು ಎಂಜಿನಿಯರಿಂಗ್ ಆಗಿ ಕಟ್ಟಿಕೊಟ್ಟಿದೆ.

ಡೆಸ್ಕ್‌ನಲ್ಲಿ ನಾವು ಹೆಚ್ಚು ಎದುರಿಸುವ ಸುಳ್ಳು ಯಾವುದು ಗೊತ್ತೇ? ತಿರುಚಿದ ಚಿತ್ರ ಅಲ್ಲ. ನಿಜವಾದ ಚಿತ್ರವೇ, ಬೇರೆ ವರ್ಷದ್ದು, ಬೇರೆ ದೇಶದ್ದು, ಹೊಸ ಶೀರ್ಷಿಕೆ ಹೊತ್ತು ಬಂದದ್ದು. ಯಾವಾಗ, ಎಲ್ಲಿ ಎಂಬ ಎರಡು ಪ್ರಶ್ನೆ ಕೇಳಿದರೆ ಕುಸಿದುಬೀಳುತ್ತದೆ. ಆ ಎರಡು ಪ್ರಶ್ನೆ ಕೇಳುವ ರೂಢಿಯನ್ನೇ ಫೀಡ್ ಬಿಡಿಸುತ್ತದೆ. ಇದಕ್ಕೆ ಯಾವ ಫ್ರೆಂಚ್ ಪ್ರಾಧ್ಯಾಪಕರೂ ಕಾರಣರಲ್ಲ. ಜನರ ಗಮನವನ್ನು ಜಾಹೀರಾತುದಾರರಿಗೆ ಮಾರುವ ವ್ಯಾಪಾರ ಕಾರಣ.

ಹಾಳೆಹಕ್ಕಿ

ನಮ್ಮ ವಯಸ್ಸಿನವರ ಪರವಾಗಿ ಒಂದು ಮಾತು. ನಾವು ಮೋಸ ಹೋಗುತ್ತಿದ್ದೇವೆ ಎಂದು ಹಿರಿಯರು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ನಾವು ಯಾವುದನ್ನೂ ನಂಬುವುದಿಲ್ಲ, ತೊಂದರೆ ಅಲ್ಲಿದೆ. ಫಿಲ್ಟರ್ ಹಾಕಿದ ಮುಖ ಎಂದು ಗೊತ್ತು, ಹಣ ಪಡೆದು ಹೊಗಳಿದ್ದು ಎಂದು ಗೊತ್ತು, ಕಣ್ಣೀರೂ ಕ್ಯಾಮೆರಾಕ್ಕಾಗಿ ಎಂದು ಗೊತ್ತು. ಮೀಮ್ ಮಾಡುವುದರಲ್ಲಿ ನನಗೆ ಖುಷಿ ಇದೆ. ಕರ್ತೃ ಸತ್ತ ಎಂದು ಫ್ರೆಂಚ್ ವಿಮರ್ಶಕ ಬಾರ್ತ್ 1967ರಲ್ಲಿ ಬರೆದದ್ದು ಮೀಮ್‌ಗಳ ವಿಷಯದಲ್ಲಿ ಅಕ್ಷರಶಃ ನಿಜ. ಯಾರದೂ ಅಲ್ಲ, ಎಲ್ಲರದೂ. ಆದರೆ ಎಲ್ಲರೂ ಸುಳ್ಳು ಹೇಳುತ್ತಾರೆ ಎಂಬ ತಿಳಿವಳಿಕೆ ಆಯಾಸ ತರುತ್ತದೆ. ಯಾವುದಕ್ಕೂ ಸಿಟ್ಟಾಗದ ಹಾಗೆ ಮಾಡುತ್ತದೆ. ಅರೆಂಟ್ ಅವರ ಅದೇ ಪ್ರಬಂಧದಲ್ಲಿ ನನಗೆ ಅಂಟಿಕೊಂಡ ಮಾತು ಇದು: ಸುಳ್ಳುಗಳು ಎಡೆಬಿಡದೆ ಬಂದಾಗ ಜನ ಅವನ್ನು ನಂಬಿಬಿಡುತ್ತಾರೆ ಎಂಬುದಲ್ಲ ಅಪಾಯ, ಜಗತ್ತಿನಲ್ಲಿ ದಿಕ್ಕು ಗುರುತಿಸುವ ಅರಿವೇ ನಾಶವಾಗುತ್ತದೆ. ನನ್ನ ಸಹಪಾಠಿಗಳಲ್ಲಿ ಅದನ್ನು ಕಣ್ಣಾರೆ ಕಾಣುತ್ತಿದ್ದೇನೆ.

ಸಾಲುಗನ್ನಡಿ

ಹಾಳೆಹಕ್ಕಿ ಹೇಳಿದ್ದಕ್ಕೆ ಉತ್ತರ ಹುಡುಕಿದವರು ಬ್ರೂನೋ ಲಟೂರ್. ವೈಜ್ಞಾನಿಕ ಸಂಗತಿಗಳು ಪ್ರಯೋಗಾಲಯದಲ್ಲಿ ಹೇಗೆ ರೂಪುಗೊಳ್ಳುತ್ತವೆ ಎಂದು ಜೀವನಪೂರ್ತಿ ಅಧ್ಯಯನ ಮಾಡಿದವರು. (1996ರ ಸೋಕಲ್ ಪ್ರಕರಣವನ್ನು ಯಾರಾದರೂ ಎತ್ತುವ ಮುಂಚೆ ಹೇಳಿಬಿಡುತ್ತೇನೆ: ಭೌತವಿಜ್ಞಾನಿ ಸೋಕಲ್ ಬೇಕೆಂದೇ ಬರೆದ ಅರ್ಥವಿಲ್ಲದ ಲೇಖನವನ್ನು ಆಧುನಿಕೋತ್ತರ ಚಿಂತನೆಯ ಒಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಅದು ಆ ಸಂಪಾದಕರ ಅಸಡ್ಡೆಯನ್ನು ತೋರಿಸುತ್ತದೆ, ಇಡೀ ಚಿಂತನೆಯ ತೀರ್ಪಾಗುವುದಿಲ್ಲ.) 2004ರಲ್ಲಿ ಲಟೂರ್ ಒಂದು ಕಳವಳದ ಪ್ರಬಂಧ ಬರೆದರು. ಹವಾಮಾನ ಬದಲಾವಣೆಯನ್ನು ಅಲ್ಲಗಳೆಯುವವರು ಲಟೂರ್ ಅವರದೇ ಗುಂಪಿನ ಆಯುಧಗಳನ್ನು, ಅಂದರೆ ಸಂಗತಿಗಳೆಲ್ಲ ಮನುಷ್ಯರು ಕಟ್ಟಿದ್ದು ಎಂಬ ವಾದವನ್ನು, ಎತ್ತಿಕೊಂಡು ಹೊರಟಿರುವುದು ಅವರಿಗೆ ಕಂಡಿತ್ತು. ಅವರ ಪರಿಹಾರ ಸಂಗತಿಗಳಿಂದ ದೂರ ಹೋಗುವುದಲ್ಲ, ಇನ್ನೂ ಹತ್ತಿರ ಹೋಗುವುದು.

ಹವಾಯಿಯ ಮೌನಾ ಲೋವಾದಲ್ಲಿ 1958ರಿಂದ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಅಳೆಯುತ್ತಾ ಬಂದಿದ್ದಾರೆ. ಆಗ ಹತ್ತು ಲಕ್ಷಕ್ಕೆ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. ಈ ಸಂಖ್ಯೆ ಆಕಾಶದಿಂದ ಉದುರಿದ್ದಲ್ಲ. ಉಪಕರಣ, ಅದನ್ನು ಸರಿಹೊಂದಿಸುವ ಮಾನದಂಡ, ಜ್ವಾಲಾಮುಖಿಯ ಗಾಳಿ ಬೀಸಿದ ಹೊತ್ತಿನ ಅಳತೆಯನ್ನು ಬದಿಗಿಡುವ ನಿಯಮ, ಬೇರೆ ಕೇಂದ್ರಗಳ ಜೊತೆ ಹೋಲಿಕೆ, ಹಲವು ತಲೆಮಾರುಗಳ ದುಡಿಮೆ. ಮನುಷ್ಯರು ಕಟ್ಟಿದ್ದು ನಿಜ. ಸೇತುವೆಯನ್ನೂ ಮನುಷ್ಯರೇ ಕಟ್ಟಿರುತ್ತಾರೆ, ಚೆನ್ನಾಗಿ ಕಟ್ಟಿದ್ದಕ್ಕೇ ಅದು ಭಾರ ಹೊರುತ್ತದೆ. ಸಂಗತಿ ಹೇಗೆ ತಯಾರಾಯಿತು ಎಂದು ತೆರೆದು ತೋರಿಸಿದರೆ ನಂಬಿಕೆ ಕುಗ್ಗುತ್ತದೆ ಎಂಬ ಭಯವನ್ನು ಮಾಧ್ಯಮ ಬಿಡಬೇಕು. 'ಸಂಶೋಧನೆ ಹೇಳುತ್ತದೆ' ಎಂಬ ಒಂದು ಸಾಲಿನ ಅಪ್ಪಣೆಯನ್ನು ಈ ಕಾಲದ ಓದುಗ ಒಪ್ಪುವುದಿಲ್ಲ, ಒಪ್ಪಬೇಕಾಗಿಯೂ ಇಲ್ಲ.

ಒಳಹಾದಿ

ಇದು ನನಗೆ ಒಪ್ಪಿಗೆ. ಆದರೆ ತೆರೆದು ತೋರಿಸುವುದೊಂದೇ ಸಾಕೇ?

ಬೋದ್ರಿಯಾ ತಮ್ಮ ಲೇಖನಗಳನ್ನು ಬರೆಯುತ್ತಿದ್ದ ಅದೇ 1991ರ ಮಾರ್ಚ್ ತಿಂಗಳು, 3ನೇ ತಾರೀಖು. ಲಾಸ್ ಏಂಜಲೀಸ್‌ನಲ್ಲಿ ರಾಡ್ನಿ ಕಿಂಗ್ ಎಂಬ ಕರಿಯ ವ್ಯಕ್ತಿಯನ್ನು ಪೊಲೀಸರು ನೆಲಕ್ಕೆ ಕೆಡವಿ ಲಾಠಿಯಿಂದ ಬಡಿಯುವುದನ್ನು ಎದುರುಮನೆಯ ನಿವಾಸಿಯೊಬ್ಬರು ಬಾಲ್ಕನಿಯಿಂದ ವಿಡಿಯೋ ಮಾಡಿದರು. ಜಗತ್ತೇ ನೋಡಿತು. ತಿರುಚಿದ್ದು ಎಂದು ಯಾರೂ ಹೇಳಲಿಲ್ಲ. ಆದರೂ 1992ರ ಏಪ್ರಿಲ್ 29ರಂದು ತೀರ್ಪು ಬಂದಾಗ ನಾಲ್ವರು ಪೊಲೀಸರಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ. ಆಮೇಲೆ ಎದ್ದ ಗಲಭೆಯಲ್ಲಿ 50ಕ್ಕೂ ಹೆಚ್ಚು ಜನ ಸತ್ತರು.

ಹೇಗಾಯಿತು ಇದು? ರಕ್ಷಣಾ ಪಕ್ಷದವರು ಆ ವಿಡಿಯೋವನ್ನು ಒಂದೊಂದು ಚೌಕಟ್ಟಾಗಿ ನಿಲ್ಲಿಸಿ ತೋರಿಸಿದರು. ಇಲ್ಲಿ ಕಾಲು ಅಲುಗಿತು, ಅದು ಆಕ್ರಮಣದ ಸೂಚನೆ. ಇಲ್ಲಿ ಲಾಠಿ ಮೇಲೇರಿತು, ಅದು ತರಬೇತಿಯ ಪ್ರಕಾರ. ಪರಿಣತರ ಕಣ್ಣು ಹೇಗೆ ಸಾಮಾನ್ಯರ ಕಣ್ಣನ್ನು ಕೈಹಿಡಿದು ನಡೆಸುತ್ತದೆ ಎಂದು ಅಮೆರಿಕದ ವಿದ್ವಾಂಸ ಚಾರ್ಲ್ಸ್ ಗುಡ್ವಿನ್ 1994ರಲ್ಲಿ ಇದೇ ವಿಚಾರಣೆಯನ್ನು ಬಿಡಿಸಿ ಬರೆದಿದ್ದಾರೆ. ಚಿತ್ರ ಅಪ್ಪಟ ನಿಜ. ಅದನ್ನು ಓದುವ ಹಕ್ಕು ಮಾತ್ರ ಏಟು ತಿಂದವನ ಕಡೆಯವರಿಗೆ ಇರಲಿಲ್ಲ.

ಈಗ ಇದಕ್ಕೆ ಡೀಪ್‌ಫೇಕ್, ಅಂದರೆ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ಸುಳ್ಳು ವಿಡಿಯೋ, ಸೇರಿಸಿ. ಈ ಹೆಸರು 2017ರಲ್ಲಿ ಚಾಲ್ತಿಗೆ ಬಂತು. ಇದರ ದೊಡ್ಡ ಹಾನಿ ಸುಳ್ಳು ವಿಡಿಯೋ ನಿಜವೆನಿಸಿಕೊಳ್ಳುವುದಲ್ಲ. ನಿಜವಾದ ವಿಡಿಯೋವನ್ನು ಇದು ಸುಳ್ಳು ಎಂದು ತಳ್ಳಿಹಾಕಲು ತಪ್ಪಿತಸ್ಥನಿಗೆ ಸಿಗುವ ಸವಲತ್ತು. ಕಾನೂನು ವಿದ್ವಾಂಸರಾದ ಬಾಬಿ ಚೆಸ್ನಿ ಮತ್ತು ಡೇನಿಯೆಲ್ ಸಿಟ್ರನ್ ಇದನ್ನು ಸುಳ್ಳುಗಾರನಿಗೆ ಸಿಗುವ ಲಾಭಾಂಶ ಎಂದು ಕರೆದರು. ಕಿಂಗ್ ಮೇಲಿನ ಹಲ್ಲೆ ಇವತ್ತು ನಡೆದಿದ್ದರೆ ಚೌಕಟ್ಟು ಚೌಕಟ್ಟಾಗಿ ವಿವರಿಸುವ ಶ್ರಮವನ್ನೂ ಅವರು ತೆಗೆದುಕೊಳ್ಳುತ್ತಿರಲಿಲ್ಲ.

ನೆಲನೋಟ

ಆ ಪ್ರಕರಣ ಅಲ್ಲಿಗೇ ನಿಲ್ಲಲಿಲ್ಲ ಎಂಬುದನ್ನೂ ಸೇರಿಸೋಣ. 1993ರಲ್ಲಿ ಫೆಡರಲ್ ನ್ಯಾಯಾಲಯದ ವಿಚಾರಣೆಯಲ್ಲಿ ನಾಲ್ವರಲ್ಲಿ ಇಬ್ಬರಿಗೆ ಶಿಕ್ಷೆಯಾಯಿತು. ವಿಡಿಯೋ ಅದೇ. ಬದಲಾದದ್ದು ನ್ಯಾಯಾಲಯ, ತೀರ್ಪುಗಾರರ ಮಂಡಳಿ, ಮತ್ತು ನಗರ ಅಷ್ಟು ಹೊತ್ತಿಗೆ ಕಂಡಿದ್ದ ಬೆಂಕಿ.

ಹಾಗಾಗಿ ಚಿತ್ರವೊಂದೇ ಸತ್ಯವನ್ನು ಕಾಯುತ್ತದೆ ಎಂದು ನಾನು ನಂಬುವುದಿಲ್ಲ. ಅದನ್ನು ಇಟ್ಟುಕೊಳ್ಳುವ, ಮತ್ತೆ ತೆಗೆದು ನೋಡುವ, ಬೇರೆಯವರಿಗೂ ನೋಡಲು ಕೊಡುವ ಸಂಸ್ಥೆಗಳು ಬೇಕು. ಲಿಯೋತಾರ್ ತಮ್ಮ ವರದಿ ಮುಗಿಸುವುದೂ ಇಂಥದೇ ಬೇಡಿಕೆಯಿಂದ: ದತ್ತಾಂಶದ ಭಂಡಾರಗಳು ಸಾರ್ವಜನಿಕರಿಗೆ ಮುಕ್ತವಾಗಿ ತೆರೆದಿರಲಿ. ಈಗ ಏನಾಗುತ್ತಿದೆ ನೋಡಿ. ಒಂದು ಪೋಸ್ಟ್ ಎಲ್ಲಿಂದ ಹೊರಟು ಎಲ್ಲೆಲ್ಲಿ ಹರಡಿತು ಎಂದು ಪತ್ರಕರ್ತರೂ ಸಂಶೋಧಕರೂ ಪತ್ತೆ ಹಚ್ಚಲು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಸಾಧನವನ್ನು ಮೆಟಾ ಕಂಪನಿ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಇನ್ನೊಂದು ಕಡೆ ಯುರೋಪಿಯನ್ ಒಕ್ಕೂಟ 2022ರ ಡಿಜಿಟಲ್ ಸೇವೆಗಳ ಕಾಯ್ದೆಯ 40ನೇ ವಿಧಿಯಲ್ಲಿ, ದೊಡ್ಡ ವೇದಿಕೆಗಳು ಅರ್ಹ ಸಂಶೋಧಕರಿಗೆ ದತ್ತಾಂಶ ಕೊಡಲೇಬೇಕು ಎಂದಿದೆ. ಸತ್ಯ ಇದೆಯೋ ಇಲ್ಲವೋ ಎಂಬ ಜಗಳಕ್ಕಿಂತ ಈ ಜಗಳ ನನಗೆ ಹೆಚ್ಚು ತುರ್ತಿನದಾಗಿ ಕಾಣುತ್ತದೆ.

ಮಸಿಬಟ್ಟಲು

ಆ ಸಾಧನ ಮುಚ್ಚಿದ್ದರ ಪೆಟ್ಟು ಡೆಸ್ಕ್‌ನಲ್ಲಿ ಕೂತವರಿಗೆ ಚೆನ್ನಾಗಿ ಗೊತ್ತು. ವದಂತಿ ಮೊದಲು ಯಾವ ಪುಟದಲ್ಲಿ ಕಾಣಿಸಿತು ಎಂದು ಮುಂಚೆ ನೋಡಿ ಹೇಳಬಹುದಿತ್ತು. ಈಗ ಓದುಗರು ಕಳಿಸುವ ಸ್ಕ್ರೀನ್‌ಶಾಟ್‌ಗಳನ್ನು ಜೋಡಿಸಿಕೊಂಡು ಊಹಿಸಬೇಕು. ಹಾಳೆಹಕ್ಕಿ, ನಿಮ್ಮ ವಿಭಾಗದಲ್ಲಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ ಇದನ್ನೇ ಎತ್ತಿಕೊಳ್ಳಿ. ಒಂದೇ ಒಂದು ಹಳೆಯ ಚಿತ್ರ, ಅದು ಹೊತ್ತ ಶೀರ್ಷಿಕೆಗಳು, ತಾರೀಖಿನ ಸಮೇತ. ನನ್ನ ಬಳಿ ಇರುವ ಕಡತವನ್ನು ಕಳಿಸಿಕೊಡುತ್ತೇನೆ.

ಹಾಳೆಹಕ್ಕಿ

ಖಂಡಿತ ಸರ್, ಕಳಿಸಿ. ಒಳಹಾದಿ ಅವರೇ, ಗುಡ್ವಿನ್ ಅವರ ಬರಹ ಓದಿ ಇಲ್ಲೇ ಪ್ರಶ್ನೆ ಹಾಕುತ್ತೇನೆ.